ಜಾಮೀನು ಹಾಕುವ ಊರಿನಲ್ಲಿ ಇಂಟರ್ನೆಟ್ಟು

ಮಂಡ್ಯದ ಕಡೆ ಯಾರಾದರೂ ಬಂದು ಸೊಸೈಟಿ ಸಾಲಕ್ಕೆ ಒಂದು ಜಾಮೀನು ಸೈನ್ ಹಾಕಿಕೊಡಿ ಅಂದರೆ ಇಲ್ಲ ಅನ್ನುವುದು ಕಷ್ಟ. ಕೇಳುವವರು ಬೀಗರಾಗಿರುತ್ತಾರೆ, ಪಕ್ಕದ ಗದ್ದೆಯವರಾಗಿರುತ್ತಾರೆ, ಇಲ್ಲ ಜೊತೆಯಲ್ಲಿ ಓದಿದವರಾಗಿರುತ್ತಾರೆ. ಅವರು ಕಟ್ಟದಿದ್ದರೆ ನೋಟಿಸು ನಮ್ಮ ಬಾಗಿಲಿಗೆ ಬರುತ್ತದೆ ಅಂತ ಗೊತ್ತಿದ್ದೂ ಸೈನ್ ಹಾಕುತ್ತೇವೆ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋದಕ್ಕೆ ಜಾಗ ಇಲ್ಲ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಹಾಗೆ ಹೇಳುತ್ತಿದ್ದ ಅಜ್ಜಿ ಕೂಡ ಕೇಳಿದವರಿಗೆ ಇಲ್ಲ ಅಂದವರಲ್ಲ.

ನಾನು ಇಲ್ಲೇ ಕೋರ್ಟಿನಲ್ಲಿ ವಕೀಲಿ ಮಾಡುತ್ತೇನೆ. ಈಚೆಗೆ ನನ್ನ ಹತ್ತಿರ ಬರುವ ಮೊಬೈಲು, ಇಂಟರ್ನೆಟ್ಟಿನ ಕೇಸುಗಳನ್ನು ನೋಡಿದರೆ ಬಹಳಷ್ಟರ ಬೇರು ಇದೇ ಗುಣದಲ್ಲಿದೆ. ಒಬ್ಬರು ಸಿಮ್ ಕೊಟ್ಟಿರುತ್ತಾರೆ. ಇನ್ನೊಬ್ಬರು ಬ್ಯಾಂಕ್ ಅಕೌಂಟ್ ಕೊಟ್ಟಿರುತ್ತಾರೆ. ಮತ್ತೊಬ್ಬರು ಬಂದ ವಿಡಿಯೋವನ್ನು ನೋಡದೆಯೇ ಹತ್ತು ಜನಕ್ಕೆ ದಾಟಿಸಿರುತ್ತಾರೆ. ಬೇರೆಯವರ ಕೆಲಸಕ್ಕೆ ತಮ್ಮ ಹೆಸರು ಕೊಟ್ಟು ಕೂತಿರುತ್ತಾರೆ. ಪೊಲೀಸರು ಹುಡುಕಿಕೊಂಡು ಹೋದಾಗ ಮೊದಲು ಸಿಗುವುದು ಆ ಹೆಸರೇ.

ಅಕೌಂಟಿನ ವಿಷಯ ಮೊದಲು ಹೇಳುತ್ತೇನೆ. ಈಗ ಓದುವ ಹುಡುಗರು ಜಾಸ್ತಿ ಸಿಕ್ಕಿಬೀಳುತ್ತಿರುವುದು ಅದರಲ್ಲೇ. ಮೈಸೂರಿನಲ್ಲಿ ಪಿಜಿಯಲ್ಲೋ ಹಾಸ್ಟೆಲಿನಲ್ಲೋ ಇರುವ ಹುಡುಗ, ಮನೆಯಿಂದ ಬರುವ ದುಡ್ಡು ತಿಂಗಳ ಕೊನೆಗೆ ಸಾಲುವುದಿಲ್ಲ. ಪರಿಚಯದವನೊಬ್ಬ ಬರುತ್ತಾನೆ. "ಏನಿಲ್ಲ ಮಗಾ, ಒಂದು ಅಕೌಂಟ್ ಮಾಡ್ಸಿ ಕೊಡು, ಗೇಮಿಂಗ್ ಕಂಪನಿ ದುಡ್ಡು ಬಂದು ಹೋಗುತ್ತೆ, ತಿಂಗಳು ತಿಂಗಳು ನಿಂಗೂ ಒಂದಿಷ್ಟು" ಅನ್ನುತ್ತಾನೆ. ಹುಡುಗ ತನ್ನ ಆಧಾರ್, ಪ್ಯಾನ್ ಕೊಟ್ಟು ಅಕೌಂಟ್ ತೆರೆಯುತ್ತಾನೆ, ಅವನು ಕೊಟ್ಟ ನಂಬರನ್ನೇ ಬ್ಯಾಂಕಿಗೆ ಲಿಂಕ್ ಮಾಡಿಸುತ್ತಾನೆ, ಪಾಸ್‌ಬುಕ್ಕು, ಎಟಿಎಂ ಕಾರ್ಡು, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡು ಎಲ್ಲಾ ಅವನ ಕೈಗೆ ಒಪ್ಪಿಸುತ್ತಾನೆ. ಆಮೇಲೆ ದೇಶದ ಎಲ್ಲೋ ಒಂದು ಮೂಲೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಮೋಸ ಹೋಗುತ್ತಾರೆ. ಅವರ ಉಳಿತಾಯ ಈ ಹುಡುಗನ ಖಾತೆಗೆ ಬಂದು, ನಿಮಿಷಗಳಲ್ಲಿ ಇನ್ನೊಂದಿಷ್ಟು ಖಾತೆಗಳಿಗೆ ಚೆಲ್ಲಿಹೋಗುತ್ತದೆ. ಪೊಲೀಸರ ಭಾಷೆಯಲ್ಲಿ ಇದು ಮ್ಯೂಲ್ ಅಕೌಂಟು. ಇಂಥ ಖಾತೆಗಳನ್ನು ಪತ್ತೆ ಮಾಡಲು ರಿಸರ್ವ್ ಬ್ಯಾಂಕೇ ಮ್ಯೂಲ್‌ಹಂಟರ್ ಅನ್ನುವ ಕೃತಕ ಬುದ್ಧಿಮತ್ತೆಯ ವ್ಯವಸ್ಥೆ ತಂದಿದೆ ಅಂದರೆ ಪಿಡುಗು ಎಷ್ಟು ಬೆಳೆದಿದೆ ಅಂತ ಲೆಕ್ಕ ಹಾಕಿ.

ಇಂಥ ಹುಡುಗನ ಅಪ್ಪ ನನ್ನೆದುರು ಕೂತು "ನಮ್ಮುಡ್ಗ ಒಂದ್ರುಪಾಯಿ ಮುಟ್ಟಿಲ್ಲ ಮೇಡಂ, ಕೇಳ್ದ ಅಂತ ಎಟಿಎಮ್ಮು ಕೊಟ್ಟವ್ನೆ ಅಷ್ಟೇಯ" ಅಂದಾಗ ನನಗೆ ಸಂಕಟ ಆಗುತ್ತದೆ. ಅವರು ಹೇಳುವುದು ನಿಜವೇ ಇರಬಹುದು. ಕೋರ್ಟು ಕೂಡ ಕೊನೆಗೆ ನೋಡುವುದು ಹುಡುಗನಿಗೆ ಏನು ಗೊತ್ತಿತ್ತು, ಏನು ಉದ್ದೇಶ ಇತ್ತು ಅನ್ನುವುದನ್ನೇ. ಆದರೆ ಅಲ್ಲಿಯವರೆಗೆ ನಡೆಯಬೇಕಾದ ದಾರಿ ಬಹಳ ಉದ್ದ. ಐಪಿಸಿ ಬದಲಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ನಿನ ವಂಚನೆಗೆ 7 ವರ್ಷದವರೆಗೆ ಶಿಕ್ಷೆ ಇದೆ. ಐಟಿ ಅಂದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಪ್ರಕಾರ ಬೇರೆಯವರ ಸೋಗು ಹಾಕಿ ಕಂಪ್ಯೂಟರ್ ಮೂಲಕ ಮೋಸ ಮಾಡಿದರೆ 3 ವರ್ಷ ಜೈಲು, 1 ಲಕ್ಷದವರೆಗೆ ದಂಡ. ಮೋಸದಲ್ಲಿ ಕೈಜೋಡಿಸಿದ ಆರೋಪ ಬಂದರೆ ಇವೇ ಸೆಕ್ಷನ್ನುಗಳು ಅವನ ಮೇಲೂ ಬರುತ್ತವೆ. ದೂರು ದಾಖಲಾಗಿರುವುದು ಬೇರೆ ರಾಜ್ಯದಲ್ಲಿ. ಹುಡುಗ ಪರೀಕ್ಷೆ ಬಿಟ್ಟು ಗೊತ್ತಿಲ್ಲದ ಊರಿನ ಠಾಣೆಗೆ ಅಲೆಯಬೇಕು. ಇನ್ನೊಂದು ಮಾತು. ಖಾತೆ ಕೊಟ್ಟಿದ್ದಕ್ಕೆ ತಿಂಗಳಿಗಿಷ್ಟು ಅಂತ ಬಾಡಿಗೆ ತೆಗೆದುಕೊಂಡಿದ್ದರೆ "ನನಗೇನೂ ಗೊತ್ತಿರಲಿಲ್ಲ" ಅನ್ನುವ ಮಾತನ್ನು ನಂಬಿಸುವುದು ಯಾವ ವಕೀಲರಿಗೂ ಕಷ್ಟ. ಸುಮ್ನೆ ಒಂದು ಖಾತೆಗೆ ಯಾರಾದರೂ ಬಾಡಿಗೆ ಕೊಡ್ತಾರಾ?

ಸಿಮ್ಮಿನದೂ ಇದೇ ಕಥೆ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೋಸದಿಂದಲೋ ಬೇರೆಯವರ ಸೋಗಿನಲ್ಲೋ ಸಿಮ್ ಪಡೆದರೆ 3 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ. ನಮ್ಮ ಹೆಸರಿನಲ್ಲಿ 9ಕ್ಕಿಂತ ಜಾಸ್ತಿ ಸಿಮ್ ಇಟ್ಟುಕೊಳ್ಳುವ ಹಾಗೂ ಇಲ್ಲ, ಅದಕ್ಕೂ ದಂಡ ಇದೆ. ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡಿನ ಹೊರಗೆ ಛತ್ರಿ ಹಾಕಿಕೊಂಡು ಸಿಮ್ ಮಾರುವವರ ಹತ್ತಿರ "ಬೆರಳು ಸರಿಯಾಗಿ ಬೀಳಲಿಲ್ಲ, ಇನ್ನೊಂದ್ಸಲ ಒತ್ತಿ" ಅಂದಾಗ ನಾವು ಒತ್ತಿಬಿಡುತ್ತೇವೆ. ಆ ಎರಡನೇ ಒತ್ತಿನಿಂದ ಇನ್ನೊಂದು ಸಿಮ್ ಹೊರಬಂದಿರಲೂಬಹುದು. ಸಂಚಾರ್ ಸಾಥಿ ಅನ್ನುವ ಸರ್ಕಾರದ ಜಾಲತಾಣಕ್ಕೆ ಹೋಗಿ ನಿಮ್ಮ ನಂಬರ್ ಹಾಕಿದರೆ ನಿಮ್ಮ ಹೆಸರಿನಲ್ಲಿ ಎಷ್ಟು ನಂಬರ್ ಇವೆ ಅಂತ ತೋರಿಸುತ್ತದೆ. ನಿಮ್ಮದಲ್ಲದ್ದು ಇದ್ದರೆ ಅಲ್ಲೇ ತಿಳಿಸಬಹುದು. ಮನೆಯ ಹಿರಿಯರ ನಂಬರನ್ನೂ ಹಾಕಿ ನೋಡಿ, ಅವರ ಹೆಸರಿನಲ್ಲೇ ಇಂಥವು ಹೆಚ್ಚು ಅಡಗಿರುತ್ತವೆ.

ಏನೂ ಮಾಡದವರೂ ಸಿಕ್ಕಿಕೊಳ್ಳುವ ಒಂದು ಜಾಗ ಇದೆ, ಅದನ್ನು ಇಲ್ಲೇ ಹೇಳಬೇಕು. ಆಲೆಮನೆ ಇಟ್ಟವರು ಬೆಲ್ಲ ಮಾರಿದರು, ಕೊಂಡವನು ಯುಪಿಐನಲ್ಲಿ ದುಡ್ಡು ಹಾಕಿದ. ಆ ದುಡ್ಡು ಎಲ್ಲೋ ಯಾರಿಗೋ ಮೋಸ ಮಾಡಿ ತಂದಿದ್ದು. ಜಾಡು ಹಿಡಿದು ಬಂದ ಬೇರೆ ರಾಜ್ಯದ ಪೊಲೀಸರ ಸೂಚನೆಯ ಮೇಲೆ ಇವರ ಖಾತೆಯೂ ಫ್ರೀಜ್ ಆಯಿತು. ಕೂಲಿಯವರಿಗೆ ಕೊಡಲು ದುಡ್ಡಿಲ್ಲ, ಬ್ಯಾಂಕಿನವರು "ನಮ್ಮ ಕೈಲಿ ಏನೂ ಇಲ್ಲ" ಅನ್ನುತ್ತಾರೆ. ಹೀಗಾದಾಗ ಗಾಬರಿಯಾಗಿ ಮಧ್ಯವರ್ತಿಗಳಿಗೆ ದುಡ್ಡು ಕೊಡಬೇಡಿ. ಯಾವ ಠಾಣೆ, ದೂರಿನ ನಂಬರ್ ಎಷ್ಟು, ಯಾವ ಮೊತ್ತಕ್ಕೆ ತಡೆ ಅನ್ನುವುದನ್ನು ಬ್ಯಾಂಕಿನಿಂದ ಬರವಣಿಗೆಯಲ್ಲಿ ಕೇಳಿ. ಮಾರಾಟದ ಬಿಲ್ಲು, ತೂಕದ ಚೀಟಿ, ಕೊಂಡವನ ಜೊತೆಗಿನ ಮೆಸೇಜು ಎಲ್ಲಾ ಸೇರಿಸಿ ಆ ತನಿಖಾಧಿಕಾರಿಗೆ ಪತ್ರ ಬರೆಯಿರಿ. ಬಗೆಹರಿಯದಿದ್ದರೆ ಕೋರ್ಟಿಗೆ ಹೋಗಬಹುದು. ಒಂದು ಸಣ್ಣ ಮೊತ್ತಕ್ಕಾಗಿ ಇಡೀ ಖಾತೆಯನ್ನೇ ಮುಚ್ಚಿಡುವುದು ಅನ್ಯಾಯ ಅಂತ ನಾನು ನಂಬುತ್ತೇನೆ, ಪ್ರತಿ ಸಲವೂ ಅದನ್ನೇ ವಾದ ಮಾಡುತ್ತೇನೆ. ವ್ಯಾಪಾರ ಸಣ್ಣದಾದರೂ ಚೀಟಿ ಬರೆಯುವ ಅಭ್ಯಾಸ ಇಟ್ಟುಕೊಂಡಿರುವವರಿಗೆ ಇದರಿಂದ ಹೊರಬರುವುದು ಬೇಗ ಆಗುತ್ತದೆ.

ಇನ್ನು ಫಾರ್ವರ್ಡು. "ನಾನೇನ್ ಬರ್ದಿಲ್ಲ ಮೇಡಂ, ಬಂದಿದ್ದ ಕಳ್ಸ್ದೆ" ಅನ್ನುವ ಮಾತನ್ನು ನಾನು ಕೇಳಿದಷ್ಟು ಬೇರೆ ಯಾವ ಮಾತನ್ನೂ ಕೇಳಿಲ್ಲ. ತಮಿಳುನಾಡಿನ ನಟ, ಮಾಜಿ ಶಾಸಕ ಎಸ್.ವಿ. ಶೇಖರ್ ಕೂಡ ಇದೇ ಮಾತು ಹೇಳಿದ್ದರು. 2018ರಲ್ಲಿ ಮಹಿಳಾ ಪತ್ರಕರ್ತರ ಬಗ್ಗೆ ಕೀಳಾಗಿ ಬರೆದಿದ್ದ ಪೋಸ್ಟೊಂದನ್ನು ಅವರು ಫೇಸ್‌ಬುಕ್ಕಿನಲ್ಲಿ ಹಂಚಿಕೊಂಡರು. ಬರೆದವರು ಬೇರೆ ಯಾರೋ. ಇವರು ಆಮೇಲೆ ಅಳಿಸಿದರು, ಕ್ಷಮೆಯನ್ನೂ ಕೇಳಿದರು. ಕಣ್ಣಿಗೆ ಔಷಧಿ ಹಾಕಿಕೊಂಡಿದ್ದರು, ಓದದೆ ಕಳಿಸಿದರು ಅಂತ ಅವರ ವಕೀಲರು ಸುಪ್ರೀಂ ಕೋರ್ಟಿನಲ್ಲಿ ವಾದಿಸಿದರು. 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಸಾಮಾಜಿಕ ಜಾಲತಾಣ ಬಳಸುವವರು ಅದರ ಪರಿಣಾಮವನ್ನೂ ಎದುರಿಸಬೇಕಾಗುತ್ತದೆ ಅಂತ ಹೇಳಿ ಅರ್ಜಿ ತಳ್ಳಿಹಾಕಿತು. ಮರುವರ್ಷ ಚೆನ್ನೈನ ವಿಶೇಷ ಕೋರ್ಟು ಒಂದು ತಿಂಗಳ ಶಿಕ್ಷೆ ವಿಧಿಸಿತು. ದೊಡ್ಡ ಮನುಷ್ಯರ ಕೈಲೇ ಈ ವಾದ ನಿಲ್ಲಲಿಲ್ಲ ಅಂದಮೇಲೆ ನಾವು ಅದನ್ನು ನಂಬಿಕೊಂಡು ಕೂರುವುದು ಹೇಗೆ?

ಶಿಕ್ಷೆಗಿಂತ ದೊಡ್ಡದು ಆ ಫಾರ್ವರ್ಡು ಊರಿನಲ್ಲಿ ಮಾಡುವ ಕೆಲಸ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು ನೆನಪಿದೆಯಾ? ಹೈದರಾಬಾದಿನಿಂದ ಸ್ನೇಹಿತರ ಜೊತೆ ಬಂದಿದ್ದ ಎಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳ ಅಂತ ಜನ ಹೊಡೆದು ಕೊಂದರು. ಅವರು ಮಾಡಿದ್ದು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದು. ವಾಟ್ಸಾಪಿನಲ್ಲಿ ಸುದ್ದಿ ಅವರ ಕಾರಿಗಿಂತ ಮುಂಚೆ ಮುಂದಿನ ಊರು ಮುಟ್ಟಿತ್ತು. ಬಂಧನ ಆದವರಲ್ಲಿ ಗ್ರೂಪಿನ ಅಡ್ಮಿನ್ ಕೂಡ ಇದ್ದ. ಇಂಥ ಸಾವುಗಳು ದೇಶದಲ್ಲಿ ಸಾಲುಸಾಲಾಗಿ ಆದ ಮೇಲೆಯೇ ವಾಟ್ಸಾಪು ಭಾರತದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ 5 ಚಾಟ್‌ಗಳಿಗಿಂತ ಹೆಚ್ಚು ಕಳಿಸದ ಹಾಗೆ ಮಾಡಿದ್ದು.

ನಮ್ಮ ಭಾಗದವರಿಗೆ ಕಾವೇರಿ ಉದಾಹರಣೆ ಸಾಕು. 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ತಮಿಳು ಹುಡುಗನೊಬ್ಬನಿಗೆ ಹೊಡೆದ ವಿಡಿಯೋ ಹರಿದಾಡಿತು, ಅದಕ್ಕೆ ಉತ್ತರವಾಗಿ ತಮಿಳುನಾಡಿನಲ್ಲಿ ಕನ್ನಡಿಗರಿಗೆ ಹೊಡೆದ ವಿಡಿಯೋ ಬಂತು, ಅದನ್ನು ನೋಡಿ ಇಲ್ಲಿ ರಕ್ತ ಕುದಿಯಿತು, ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು. ನೀರಿನ ಹೋರಾಟ ನಮ್ಮ ಹೊಟ್ಟೆಪಾಡಿನದು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಹೊಡೆದ ವಿಡಿಯೋ ಹಂಚಿದ್ದರಿಂದ ಒಂದು ಬೊಗಸೆ ನೀರೂ ಜಾಸ್ತಿ ಸಿಗಲಿಲ್ಲ. 2025ರ ಫೆಬ್ರವರಿಯಲ್ಲಿ ಮೈಸೂರಿನ ಉದಯಗಿರಿ ಪೊಲೀಸ್ ಠಾಣೆಗೆ ಕಲ್ಲು ಬಿದ್ದಾಗಲೂ ಶುರುವಾಗಿದ್ದು ಜಾಲತಾಣದ ಒಂದೇ ಒಂದು ಪೋಸ್ಟಿನಿಂದ. ಪೋಸ್ಟ್ ಹಾಕಿದವನ ಮೇಲೂ ಕೇಸು, ಕಲ್ಲು ಹೊಡೆದವರ ಮೇಲೂ ಕೇಸು.

ಕಾನೂನಿನಲ್ಲಿ ಇದಕ್ಕೆ ಮುಖ್ಯವಾಗಿ ಇರುವುದು ನ್ಯಾಯ ಸಂಹಿತೆಯ 196 ಮತ್ತು 353ನೇ ಸೆಕ್ಷನ್ನುಗಳು. ಮೊದಲನೆಯದು ಧರ್ಮ, ಜಾತಿ, ಭಾಷೆ ಹೆಸರಿನಲ್ಲಿ ದ್ವೇಷ ಹುಟ್ಟಿಸುವುದಕ್ಕೆ, ಎರಡನೆಯದು ಜನರಲ್ಲಿ ಭಯ, ಗಲಭೆ ಎಬ್ಬಿಸುವ ಸುಳ್ಳು ಸುದ್ದಿಗೆ. ಸಾಮಾನ್ಯವಾಗಿ ಎರಡಕ್ಕೂ 3 ವರ್ಷದವರೆಗೆ ಶಿಕ್ಷೆ. 353ರಲ್ಲಿ ಒಂದು ವಿನಾಯಿತಿ ಇದೆ. ಸುದ್ದಿ ನಿಜ ಅಂತ ನಂಬಲು ಸರಿಯಾದ ಕಾರಣ ಇದ್ದು, ಕೆಟ್ಟ ಉದ್ದೇಶ ಇಲ್ಲದೆ ಹೇಳಿದ್ದರೆ ಅದು ಅಪರಾಧ ಆಗುವುದಿಲ್ಲ. ಹಾಗಾಗಿ "ಎಲ್ಲಿಂದ ಬಂತು, ಯಾಕೆ ನಂಬಿದೆ" ಅನ್ನುವ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇರಬೇಕು. ಮಳೆಗಾಲದಲ್ಲಿ ಕೆಆರ್‌ಎಸ್ 124.80 ಅಡಿ ತುಂಬುವ ಹೊತ್ತಿಗೆ ಯಾವುದೋ ಬೇರೆ ಅಣೆಕಟ್ಟಿನ ಹಳೇ ವಿಡಿಯೋ ಹಾಕಿ "ಗೇಟ್ ಮುರಿದಿದೆ, ಊರು ಬಿಡಿ" ಅಂತ ಯಾರಾದರೂ ಕಳಿಸಿದರೆ ಶ್ರೀರಂಗಪಟ್ಟಣದ ನದಿದಂಡೆಯ ಜನ ರಾತ್ರಿಯಲ್ಲಿ ಮಕ್ಕಳನ್ನು ಎತ್ತಿಕೊಂಡು ಓಡಬೇಕಾಗುತ್ತದೆ. ವಿಪತ್ತಿನ ಬಗ್ಗೆ ಹೀಗೆ ಸುಳ್ಳು ಭಯ ಹುಟ್ಟಿಸಿದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ 1 ವರ್ಷದವರೆಗೆ ಶಿಕ್ಷೆ ಇದೆ.

ಅಡ್ಮಿನ್‌ಗಳು ತುಂಬಾ ಹೆದರಿರುತ್ತಾರೆ. ಯಾರೋ ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಹೊಣೆ ಹೊರಿಸಲು ಆಗುವುದಿಲ್ಲ ಅಂತ 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟು ಹೇಳಿವೆ. ಅಡ್ಮಿನ್ ಕೂಡ ಅದರಲ್ಲಿ ಭಾಗಿಯಾಗಿದ್ದರೆ ಮಾತು ಬೇರೆ. ಆದರೂ ಕೆಟ್ಟದ್ದು ಕಣ್ಣಿಗೆ ಬಿದ್ದ ಮೇಲೆ ತೆಗೆಯದೆ ಬಿಡಬೇಡಿ. ಅಳಿಸುವುದಕ್ಕೆ ಮೊದಲು ಒಂದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಕಳಿಸಿದವರಿಗೆ ಗ್ರೂಪಿನಲ್ಲೇ ಹೇಳಿ, ನಾಳೆ ಕೇಳಿದರೆ ನೀವು ಏನು ಮಾಡಿದಿರಿ ಅನ್ನುವುದಕ್ಕೆ ಗುರುತು ಉಳಿಯುತ್ತದೆ.

ನನಗೆ ತೀರಾ ನೋವು ಕೊಡುವುದು ಒಳ್ಳೆಯ ಮನಸ್ಸಿನಿಂದಲೇ ಮಾಡುವ ಒಂದು ತಪ್ಪು. ಹೆಣ್ಣುಮಗಳೊಬ್ಬಳ ಮೇಲೆ ಅತ್ಯಾಚಾರ ಆಗುತ್ತದೆ, ಮಾರನೇ ದಿನ ಎಲ್ಲರ ಸ್ಟೇಟಸ್‌ನಲ್ಲಿ ಅವಳ ಫೋಟೋ, ಹೆಸರು, ಊರು, ಕೆಳಗೆ "ನ್ಯಾಯ ಸಿಗಲಿ" ಅಂತ. ಸಂತ್ರಸ್ತೆಯ ಗುರುತು ಗೊತ್ತಾಗುವ ಹಾಗೆ ಏನನ್ನೇ ಪ್ರಕಟಿಸಿದರೂ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ 2 ವರ್ಷದವರೆಗೆ ಶಿಕ್ಷೆ ಇದೆ. ಅವಳು ಸತ್ತಿದ್ದರೂ ಹೆಸರು ಹೇಳುವ ಹಾಗಿಲ್ಲ ಅಂತ 2018ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಅವಳ ತಂಗಿ ಅದೇ ಊರಿನಲ್ಲಿ ಕಾಲೇಜಿಗೆ ಹೋಗಬೇಕು, ಅವಳ ಅವ್ವ ಅದೇ ಸಂತೆಗೆ ಹೋಗಬೇಕು. ಕೋಪ ಇದ್ದರೆ ಫೋಟೋ ಬಿಟ್ಟು ಬರೆಯಿರಿ, ಆರೋಪಿಯ ಕೇಸು ಎಲ್ಲಿಗೆ ಬಂತು ಅಂತ ಕೇಳಿ, ಕೇಳುತ್ತಲೇ ಇರಿ.

ಮಕ್ಕಳ ಲೈಂಗಿಕ ದೌರ್ಜನ್ಯದ ವಿಡಿಯೋ ವಿಷಯದಲ್ಲಿ ಕಾನೂನು ಇನ್ನೂ ಬಿಗಿ. ಕಳಿಸುವುದಷ್ಟೇ ಅಲ್ಲ, ಹುಡುಕುವುದು, ಡೌನ್‌ಲೋಡ್ ಮಾಡುವುದೂ ಐಟಿ ಕಾಯ್ದೆಯ 67ಬಿಯಲ್ಲಿ ಅಪರಾಧ, ಮೊದಲ ಸಲಕ್ಕೇ 5 ವರ್ಷದವರೆಗೆ ಶಿಕ್ಷೆ. ಕಳಿಸುವ ಉದ್ದೇಶದಿಂದ ಫೋನಿನಲ್ಲಿ ಇಟ್ಟುಕೊಳ್ಳುವುದು, ಅಳಿಸದೆ, ದೂರು ಕೊಡದೆ ಇರುವುದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೋ ಕಾಯ್ದೆ ಅಡಿ ಅಪರಾಧವೇ ಅಂತ 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಗ್ರೂಪಿನಲ್ಲಿ ಬಂದರೆ "ಛೇ, ನೋಡಿ ಎಂಥಾ ಜನ" ಅಂತ ಇನ್ನೊಬ್ಬರಿಗೆ ತೋರಿಸಲು ಕೂಡ ಕಳಿಸಬೇಡಿ.

ಯಾವಳೋ ಹುಡುಗಿಯ ಹೆಸರಿನಲ್ಲಿ ಇನ್‌ಸ್ಟಾಗ್ರಾಂ ಖಾತೆ ತೆರೆದು ಅವಳ ಫೋಟೋಗಳನ್ನು ಹಾಕುವುದನ್ನು ಕಾಲೇಜು ಹುಡುಗರು ಇನ್ನೂ ತಮಾಷೆ ಅಂದುಕೊಂಡಿದ್ದಾರೆ. ಬೇರೆಯವರ ಗುರುತನ್ನು ಕದಿಯುವುದಕ್ಕೆ ಐಟಿ ಕಾಯ್ದೆಯ 66ಸಿ ಇದೆ. ಖಾಸಗಿ ಅಂಗಗಳ ಚಿತ್ರ ತೆಗೆದು ಹಂಚುವುದಕ್ಕೆ 66ಇ. ಬೇಡ ಅಂದ ಮೇಲೂ ಮೆಸೇಜು ಮಾಡುತ್ತಲೇ ಇರುವುದು, ಅವಳು ಆನ್‌ಲೈನಿನಲ್ಲಿ ಏನು ಮಾಡುತ್ತಾಳೆ ಅಂತ ಬೆನ್ನು ಹತ್ತುವುದು ನ್ಯಾಯ ಸಂಹಿತೆಯ 78ರಲ್ಲಿ ಹಿಂಬಾಲಿಸುವ ಅಪರಾಧ. ಇಂಥದ್ದಾದ ಹೆಣ್ಣುಮಕ್ಕಳಿಗೆ ನಾನು ಹೇಳುವುದು, ಮನೆಯಲ್ಲಿ ಹೇಳಲು ಭಯ ಆದರೆ ಮೊದಲು ನಂಬಿಕೆಯ ಒಬ್ಬರಿಗೆ ಹೇಳಿ, ಲಿಂಕು ಮತ್ತು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಬೆದರಿಸಿದವನಿಗೆ ದುಡ್ಡು ಕೊಡಬೇಡಿ. ಕೊಟ್ಟರೆ ಅವನು ನಿಲ್ಲಿಸುವುದಿಲ್ಲ, ಮತ್ತೆ ಕೇಳುತ್ತಾನೆ.

ಪೈರಸಿ ಬಗ್ಗೆ ಎರಡೇ ಮಾತು. ಥಿಯೇಟರಿನಲ್ಲಿ ಸಿನಿಮಾ ರೆಕಾರ್ಡ್ ಮಾಡಿದರೆ ಸಿನಿಮಾಟೋಗ್ರಾಫ್ ಕಾಯ್ದೆಯ 2023ರ ತಿದ್ದುಪಡಿಯ ನಂತರ ಕನಿಷ್ಠ 3 ತಿಂಗಳು ಜೈಲು, 3 ಲಕ್ಷ ದಂಡ. ಹೊಸ ಕನ್ನಡ ಸಿನಿಮಾದ ಲಿಂಕನ್ನು ಟೆಲಿಗ್ರಾಂ ಗ್ರೂಪಿಗೆ ಹಾಕುವವರಿಗೆ ಕೃತಿಸ್ವಾಮ್ಯ ಕಾಯ್ದೆ ಇದೆ.

ಇಷ್ಟೆಲ್ಲಾ ಓದಿ ಇನ್ನು ಮೇಲೆ ಬಾಯೇ ಬಿಡುವುದು ಬೇಡ ಅಂತ ಯಾರಿಗಾದರೂ ಅನಿಸಿದರೆ ನಾನು ಬರೆದದ್ದು ವ್ಯರ್ಥ. ರಸ್ತೆ ಸರಿಯಿಲ್ಲ, ನಾಲೆಗೆ ನೀರು ಬಿಟ್ಟಿಲ್ಲ, ಕಬ್ಬಿನ ಬಾಕಿ ಕೊಟ್ಟಿಲ್ಲ, ಶಾಸಕರು ಕೈಗೆ ಸಿಗುವುದಿಲ್ಲ ಅಂತ ಬರೆಯುವುದು ನಿಮ್ಮ ಹಕ್ಕು. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಮುಂಬೈ ಬಂದ್ ಬಗ್ಗೆ ಫೇಸ್‌ಬುಕ್ಕಿನಲ್ಲಿ ಬರೆದ ಒಬ್ಬ ಹುಡುಗಿಯನ್ನೂ ಅದಕ್ಕೆ ಲೈಕ್ ಒತ್ತಿದ ಇನ್ನೊಬ್ಬಳನ್ನೂ ಬಂಧಿಸಿದ್ದರು. ಅದನ್ನು ನೋಡಿ ಶ್ರೇಯಾ ಸಿಂಘಾಲ್ ಅನ್ನುವ ಯುವತಿ ಸುಪ್ರೀಂ ಕೋರ್ಟಿಗೆ ಹೋದರು. 2015ರ ಮಾರ್ಚ್ 24ರಂದು ಐಟಿ ಕಾಯ್ದೆಯ 66ಎ ಸೆಕ್ಷನ್ನೇ ರದ್ದಾಯಿತು. ಯಾರಿಗೋ ಕಿರಿಕಿರಿ ಆಯಿತು ಅನ್ನುವುದು ಈಗ ಅಪರಾಧ ಅಲ್ಲ. ಮಾನಹಾನಿ ಮಾತ್ರ ಈಗಲೂ ಅಪರಾಧವೇ, 2 ವರ್ಷದವರೆಗೆ ಶಿಕ್ಷೆ ಇದೆ. ಹಾಗಾಗಿ ಕೆಲಸದ ಬಗ್ಗೆ ಬರೆಯಿರಿ, ದಿನಾಂಕ ಹಾಕಿ, ಫೋಟೋ ಹಾಕಿ, ಅರ್ಜಿ ಕೊಟ್ಟಿದ್ದರೆ ಅದರ ನಂಬರ್ ಹಾಕಿ. "ಕಳ್ಳ", "ಲಂಚ ತಿಂದವ್ನೆ" ಅನ್ನುವುದಕ್ಕೆ ಕೈಯಲ್ಲಿ ದಾಖಲೆ ಇಲ್ಲದಿದ್ದರೆ ಆ ಪದ ಬಿಡಿ, ಪ್ರಶ್ನೆ ಬಿಡಬೇಡಿ.

ಕಾನೂನು ಗೊತ್ತಿಲ್ಲದ ಜನರ ಭಯವನ್ನೇ ಬಂಡವಾಳ ಮಾಡಿಕೊಂಡಿರುವವರು ಡಿಜಿಟಲ್ ಅರೆಸ್ಟ್ ಅನ್ನುವ ದಂಧೆಯವರು. ಪೊಲೀಸರ ಸೋಗಿನಲ್ಲಿ ವಿಡಿಯೋ ಕಾಲ್ ಮಾಡಿ, ನಿಮ್ಮನ್ನು ಬಂಧಿಸಿದ್ದೇವೆ ಅಂತ ಹೆದರಿಸಿ ದುಡ್ಡು ಕೀಳುತ್ತಾರೆ. ವಿಡಿಯೋ ಕಾಲಿನಲ್ಲಿ ಬಂಧಿಸುವ ಅಧಿಕಾರ ಈ ದೇಶದ ಯಾವ ಪೊಲೀಸರಿಗೂ ಇಲ್ಲ. ಕಾಲ್ ಕಟ್ ಮಾಡಿ. ದುಡ್ಡು ಹೋಗಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆ ಹಾಕಿಸಿದರೆ ಮಾತ್ರ ವಾಪಸ್ ಬರುವ ಆಸೆ, ಆದ್ದರಿಂದ ಯಾರಿಗೆ ಹೇಳಲಿ ಅಂತ ಯೋಚಿಸುತ್ತಾ ರಾತ್ರಿ ಕಳೆಯಬೇಡಿ. ಮಂಡ್ಯದಲ್ಲೂ ಮೈಸೂರಿನಲ್ಲೂ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗಳಿವೆ, ಅಲ್ಲಿಗೂ ಹೋಗಬಹುದು.

ಪೊಲೀಸರ ಕಡೆಯಿಂದ ನಿಜವಾದ ನೋಟಿಸೇ ಬಂದರೆ ಅದನ್ನು ಬಚ್ಚಿಡಬೇಡಿ, ಊರು ಬಿಡಬೇಡಿ. 7 ವರ್ಷದವರೆಗಿನ ಶಿಕ್ಷೆಯ ಕೇಸುಗಳಲ್ಲಿ ನೋಟಿಸು ಕೊಟ್ಟು ಕರೆಯುವುದೇ ಸಾಮಾನ್ಯ ಕ್ರಮ, ಹೇಳಿದ ದಿನ ಹಾಜರಾದರೆ ಬಂಧನದ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಸಾಕ್ಷಿ ಹೇಳಲು ಹೆಂಗಸರನ್ನು, 60 ದಾಟಿದ ಗಂಡಸರನ್ನು ಠಾಣೆಗೆ ಬರಲೇಬೇಕು ಅನ್ನುವ ಹಾಗಿಲ್ಲ, ಅವರು ಮನೆಯಲ್ಲೇ ಹೇಳಬಹುದು. ಹೆದರಿ ಚಾಟ್‌ಗಳನ್ನು ಅಳಿಸಿಬಿಟ್ಟರೆ ಅದೇ ಸಾಕ್ಷಿ ನಾಶ ಅಂತ ಇನ್ನೊಂದು ಆರೋಪ ಆಗುತ್ತದೆ, ನಿಮ್ಮನ್ನು ಉಳಿಸಬಹುದಾಗಿದ್ದ ಮೆಸೇಜೂ ಅದರ ಜೊತೆ ಹೋಗುತ್ತದೆ. ಫೋನ್ ತೆಗೆದುಕೊಂಡರೆ ಜಪ್ತಿಯ ಪಟ್ಟಿ ಕೇಳಿ, ಹೊಸ ಕಾನೂನಿನಲ್ಲಿ ಜಪ್ತಿಯನ್ನು ವಿಡಿಯೋ ಮಾಡಬೇಕು ಅಂತ ಇದೆ, ಅದನ್ನೂ ಕೇಳಿ. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಎಷ್ಟೋ ಜನ ಕೈಕಟ್ಟಿ ಕೂರುತ್ತಾರೆ. ಕೋರ್ಟಿನ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ಪುಕ್ಕಟೆಯಾಗಿ ವಕೀಲರನ್ನು ಕೊಡುತ್ತಾರೆ. ದೂರದ ಊರಿನವರಾದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.